ಎರಡು ತಗಡು, ಮೂವರು ಕೊಡೆಯವರು

ನನ್ನ ದರ ಹೀಗಿದೆ. ಅಂಗೈ ಎತ್ತರದ ಅಕ್ಷರಕ್ಕೆ ಇಪ್ಪತ್ತು. ಮೊಳದೆತ್ತರದ ಅಕ್ಷರಕ್ಕೆ ಅರವತ್ತು. ನೆರಳು ಬೇಕೆಂದರೆ ಅಕ್ಷರಕ್ಕೆ ಹತ್ತು ಹೆಚ್ಚು. ತಗಡು, ಮೊಳೆ ಗಿರಾಕಿಯದು. ಬಣ್ಣ, ಏಣಿ ನನ್ನದು. ಇಂಗ್ಲಿಷಿನ ಐ ಬರೀ ಒಂದು ಗೀಟು, ಅದಕ್ಕೂ ಡಬ್ಲ್ಯೂಗೂ ಒಂದೇ ದರವೇ ಎಂದು ಜಗಳಕ್ಕೆ ಬರುವವರು ವರ್ಷಕ್ಕೆ ನಾಲ್ಕು ಜನ ಸಿಗುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಡಬ್ಲ್ಯೂ ಸೊಟ್ಟಗಾದರೆ ಯಾರಿಗೂ ಗೊತ್ತಾಗುವುದಿಲ್ಲ, ಐ ಸೊಟ್ಟಗಾದರೆ ಬೀದಿಗೆಲ್ಲ ಗೊತ್ತಾಗುತ್ತದೆ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಇಂಗ್ಲಿಷ್ ಬರೆಯಲು ಬರುತ್ತದೆ, ಓದಲು ಬರುವುದಿಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಚೀಟಿಯಲ್ಲಿ ಇದ್ದದ್ದನ್ನು ತಗಡಿಗೆ ಏರಿಸುವುದು ನನ್ನ ಕೆಲಸ. ಓದಲು ಬರುವ ಪೇಂಟರುಗಳು ನಡುವೆ ತಮ್ಮ ಬುದ್ಧಿಯನ್ನೂ ಎರಡು ಅಕ್ಷರ ಸೇರಿಸಿ ಗಿರಾಕಿಗಳಿಂದ ಬೈಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ಕೊಡೆಯಣ್ಣನ ವಿಚಾರ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವನು, ಅದಕ್ಕೇ ಅಣ್ಣ. ಸ್ನೇಹದಲ್ಲಿ ಸಮ, ಅದಕ್ಕೇ ಏಕವಚನ. ಹದಿನೆಂಟು ವರ್ಷ ಈತ ಹಳೇ ಗೋದಾಮಿನ ಹೊರಮೆಟ್ಟಿಲ ಕೆಳಗೆ ಕೂತು ಕೊಡೆ ರಿಪೇರಿ ಮಾಡಿದ. ಕೈ ಒಳ್ಳೆಯದು. ಅವನು ಕೂರಿಸಿದ ಕಡ್ಡಿ ಬಿರುಗಾಳಿಗೂ ಜಗ್ಗುವುದಿಲ್ಲ. ಆದರೆ ಬಾಯಿ ಮಾತ್ರ ಕೈಯ ಹಾಗಲ್ಲ. ‘ನಾಳೆ ಬನ್ನಿ’ ಎನ್ನುವುದು ಅವನಿಗೆ ‘ನಮಸ್ಕಾರ’ ಎಂದಷ್ಟು ಸಲೀಸು. ಮಳೆ ಶುರುವಾದಾಗ ಕೊಟ್ಟ ಕೊಡೆ ಬಿಸಿಲಿಗೆ ಹಿಡಿಯಲು ಸಿಗುತ್ತಿತ್ತು.

ಆ ಗೋದಾಮನ್ನು ಪಟ್ಟಣದ ಕಚೇರಿಯವರು ಇಪ್ಪತ್ತನಾಲ್ಕು ರೂಮು ಮಾಡಿ ಕಸುಬಿನವರಿಗೆ ಹಂಚಿದರು. ನಡುವೆ ಚೌಕದ ಅಂಗಳ, ಸುತ್ತ ಒಂದೇ ಥರದ ರೂಮುಗಳು. ಒಂದು ಕಸುಬಿಗೆ ಒಂದೇ ರೂಮು. ಕೊಡೆಯಣ್ಣನಿಗೂ ಒಂದು ಸಿಕ್ಕಿತು, ಆದರೆ ಮೂರು ತಿಂಗಳ ಪರೀಕ್ಷೆಯ ಮೇಲೆ. ಗಿರಾಕಿಗಳ ದೂರು ಇರಬಾರದು, ಬೋರ್ಡು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಇರಬೇಕು. ಇಲ್ಲವಾದರೆ ಕಾದಿರುವವರ ಪಟ್ಟಿಯಲ್ಲಿ ಮುಂದಿನವರಿಗೆ ರೂಮು, ಇವನಿಗೆ ಮತ್ತೆ ಮೆಟ್ಟಿಲು.

ರೂಮು ಹೋದರೆ ಅವನಿಗಿಂತ ಹೆಚ್ಚು ಸಂಕಟ ಅವನ ಹೆಂಡತಿಗೆ. ಬೀಗದ ಕೈ ಸಿಕ್ಕ ದಿನ ಅತ್ತಿಗೆ ಅದನ್ನು ನನಗೆ ತೋರಿಸಿ ಹೇಳಿದ್ದರು: “ಅಂಗಡಿಗೆ ಬೀಗ ಹಾಕಿ ಕೈ ಬೀಸ್ಕೊಂಡು ಮನೆಗೆ ಹೋಗೋದು ಅಂದ್ರೆ ಏನು ಅಂತ ಇವತ್ತು ಗೊತ್ತಾಯ್ತು ಪೇಂಟರೇ. ಹದಿನೆಂಟು ವರ್ಷ ಇವರ ಅಂಗಡೀನ ನಾನು ತಲೆ ಮೇಲೆ ಹೊತ್ಕೊಂಡೇ ಓಡಾಡಿದೀನಿ.”

ಬೋರ್ಡಿಗೆ ಚೀಟಿ ಬರೆಸಿಕೊಂಡು ಬಾ ಎಂದು ನಾನು ಕೊಡೆಯಣ್ಣನಿಗೆ ಹೇಳಿದೆ. ಅವನು ಮೂರು ಚೀಟಿ ತಂದ. ಮೂರರಲ್ಲೂ ‘ಅಂಬ್ರೆಲಾ ರಿಪೇರರ್’ ಎಂಬ ಹದಿನಾರು ಅಕ್ಷರ ಒಂದೇ ಥರ ಇದ್ದವು. ಆದರೆ ಒಂದರ ಮುಂದೆ ‘ಆನ್’ ಎಂದು ಎರಡಕ್ಷರ, ಇನ್ನೊಂದರ ಮುಂದೆ ‘ದಿ’ ಎಂದು ಮೂರಕ್ಷರ, ಮತ್ತೊಂದರ ಮುಂದೆ ಏನೂ ಇಲ್ಲ. ಚೀಟಿಗಳ ಹಿಂದೆಯೇ ಬರೆದವರೂ ಬಂದರು.

‘ಆನ್’ ಬರೆದವರು ಎದುರು ಮನೆಯ ನಿವೃತ್ತ ಇಂಗ್ಲಿಷ್ ಟೀಚರಮ್ಮ. “ಪರಿಚಯಾನೇ ಇಲ್ದೆ ‘ದಿ’ ಅಂತ ನುಗ್ಗೋದು ಮರ್ಯಾದೆ ಅಲ್ಲ ಕಣಪ್ಪಾ. ಮೊದಲು ‘ಆನ್’. ಯಾರೋ ಒಬ್ಬ ಕೊಡೆ ರಿಪೇರಿಯವನು, ಅಷ್ಟೇ. ಆಮೇಲೆ ಜನಕ್ಕೆ ಗುರುತಾದ ಮೇಲೆ ‘ದಿ’.”

“ಹದಿನೆಂಟು ವರ್ಷದಿಂದ ಇಲ್ಲೇ ಕೂತಿದೀನಲ್ಲ ಟೀಚರಮ್ಮ, ಇನ್ನೂ ಯಾರೋ ಒಬ್ಬನಾ?”

“ನಮಗಲ್ಲಪ್ಪ. ವ್ಯಾಕರಣಕ್ಕೆ ನೀನು ಹೊಸಬ.”

‘ದಿ’ ಬರೆದವರು ಪಕ್ಕದ ರೂಮಿನ ಔಷಧದಂಗಡಿ ಯಜಮಾನರು. “ಯಾರೋ ಒಬ್ಬ ಅಂತ ಬೋರ್ಡ್ ಹಾಕ್ಕೊಂಡ್ರೆ ಬರೋ ಗಿರಾಕೀನೂ ಯಾರೋ ಒಬ್ಬನೇ. ದೊಡ್ಡ ಬ್ಯಾಂಕು, ದೊಡ್ಡ ಹೋಟ್ಲು, ದೊಡ್ಡ ಪೇಪರು, ಯಾವುದನ್ನಾದ್ರೂ ನೋಡಿ, ತಲೆ ಮೇಲೆ ‘ದಿ’ ಇದ್ದೇ ಇರುತ್ತೆ. ಅದು ಕಿರೀಟ ಇದ್ದ ಹಾಗೆ ಸ್ವಾಮೀ!”

ಏನೂ ಬರೆಯದವರು ಅತ್ತಿಗೆಯ ಅಣ್ಣ. ಮೂವತ್ತೊಂದು ವರ್ಷ ತಂತಿ ಆಫೀಸಿನಲ್ಲಿ ಕೆಲಸ ಮಾಡಿದವರು. ಎಲ್ಲರ ಬಾಯಲ್ಲೂ ತಂತಿ ಭಾವ. ಪದಕ್ಕೆ ಇಷ್ಟು ಎಂದು ಕಾಸು ಎಣಿಸಿಕೊಂಡ ಜೀವ. “ಎರಡೂ ಬೇಡ. ಹುಟ್ಟಿದ್ದು, ಸತ್ತಿದ್ದು, ಕೆಲಸ ಸಿಕ್ಕಿದ್ದು ಎಲ್ಲಾನೂ ಕಳಿಸಿದೀನಿ. ಒಂದೇ ಒಂದು ‘ದಿ’ ಹಾಕಿಲ್ಲ. ಸತ್ತವನು ಎದ್ದು ಬಂದು, ನಾನು ಸತ್ತಿದ್ದು ಸರಿಯಾಗಿ ಅರ್ಥ ಆಗ್ಲಿಲ್ಲ ಅಂದ್ನಾ?”



ಕೊಡೆಯಣ್ಣ ಮೂವರ ಮುಖವನ್ನೂ ನೋಡಿದ. ಯಾರ ಮಾತು ತೆಗೆದುಹಾಕುವುದು? ಟೀಚರಮ್ಮ ಅವನ ಮಗಳಿಗೆ ಬಿಟ್ಟಿ ಪಾಠ ಹೇಳಿದವರು. ಔಷಧದಂಗಡಿಯವರು ಅತ್ತಿಗೆಯ ಮಂಡಿನೋವಿಗೆ ಸಾಲ ಬರೆದುಕೊಳ್ಳದೆ ಮುಲಾಮು ಕೊಡುವವರು. ಭಾವನಂತೂ ಭಾವನೇ. ಅವನು ನನ್ನ ಕಡೆ ತಿರುಗಿ, ಮುರಿದ ಕೊಡೆ ಹಿಡಿದ ಗಿರಾಕಿ ತನ್ನ ಕಡೆ ನೋಡುವ ಹಾಗೆ ನೋಡಿದ.

ನಾನು ದಾರಿ ಹೇಳಿದೆ. ಹದಿನಾರು ಅಕ್ಷರ ಬರೆದುಬಿಡುವುದು. ಎಡಗಡೆ ಒಂದು ಗೇಣು ಖಾಲಿ ಬಿಟ್ಟು ಎರಡು ಮೊಳೆ ಹೊಡೆಯುವುದು. ತಗಡಿನ ತುಂಡಿನ ಮೇಲೆ ‘ಆನ್’ ಒಂದು, ‘ದಿ’ ಒಂದು ಬರೆದು ತೂತು ಮಾಡಿ ಕೊಡುವುದು. ಯಾರು ಬರುತ್ತಾರೋ ಅವರದನ್ನು ತಗುಲಿಹಾಕುವುದು.

ಒಂದು ತಿಂಗಳು ಈ ಏರ್ಪಾಡು ಗಡಿಯಾರದ ಹಾಗೆ ನಡೆಯಿತು. ಬೆಳಿಗ್ಗೆ ಹತ್ತಕ್ಕೆ ಟೀಚರಮ್ಮ ತರಕಾರಿ ಚೀಲ ಹಿಡಿದು ಬರುವಾಗ ‘ಆನ್’. ಎರಡಕ್ಕೆ ಔಷಧದಂಗಡಿಯವರು ಊಟ ಮುಗಿಸಿ ಬರುವಾಗ ‘ದಿ’. ನಾಲ್ಕಕ್ಕೆ ತಂತಿ ಭಾವ ಕಾಫಿಗೆ ಬರುವಾಗ ಬರೀ ಮೊಳೆ. ಮೂವರೂ ಬೋರ್ಡನ್ನು ಓದಿ, ತಲೆಯಾಡಿಸಿ, ಉಳಿದಿಬ್ಬರು ಸೋತರೆಂದು ಒಳಗೊಳಗೇ ಹಿಗ್ಗುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ದಿನಕ್ಕೆ ಮೂರು ಸಲ ತಗಡು ಬದಲಿಸಿದ ಕೊಡೆಯಣ್ಣನಿಗೆ ಈಗ ತನಗೂ ಇಂಗ್ಲಿಷ್ ಬಂದಿದೆ ಎಂಬ ಗುಮಾನಿ ಶುರುವಾಯಿತು. ಕೊಡೆಗಳಿಗೆಲ್ಲ ಚೀಟಿ ಕಟ್ಟತೊಡಗಿದ. ನಾನು ಕೇಳಿದ್ದಕ್ಕೆ ಮುಖ ಗಂಭೀರ ಮಾಡಿಕೊಂಡು ವಿವರಿಸಿದ:

“ನೋಡು, ಮೊದಲನೇ ಸಲ ಬಂದ ಕೊಡೆ ‘ಆನ್’. ಅದರ ಜಾತಕ ನನಗೆ ಗೊತ್ತಿಲ್ಲ. ಅದೇ ಕೊಡೆ ಎರಡನೇ ಸಲ ಬಂತು ಅಂದ್ರೆ ‘ದಿ’. ಓಹೋ, ನೀನಾ, ಆವತ್ತು ಮೂರನೇ ಕಡ್ಡಿ ಹಾಕಿಸ್ಕೊಂಡು ಹೋಗಿದ್ದವನು, ಅಂತ.”

“ಅದೇ ಕಡ್ಡಿ ಮತ್ತೆ ಮುರಿದ್ರೆ?”

“ಅದಕ್ಕೆ ಇಂಗ್ಲಿಷ್‌ನಲ್ಲಿ ಏನೂ ಇಲ್ಲ. ದುಡ್ಡು ತಗೊಳ್ದೆ ಹಾಕ್ಕೊಡೋದು.”

ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ ಟೀಚರಮ್ಮ ತರಕಾರಿ ಚೀಲ ಕೆಳಗಿಟ್ಟರು. “ಮೂವತ್ತೈದು ವರ್ಷ ಬೋರ್ಡ್ ಮೇಲೆ ಬರೆದೂ ಬರೆದೂ ಸುಣ್ಣ ನುಂಗಿದೀನಿ. ಇಷ್ಟು ಸಲೀಸಾಗಿ ಒಬ್ಬರಿಗೂ ಹೇಳೋಕೆ ಆಗ್ಲಿಲ್ಲವಲ್ಲೋ!” ಎಂದರು. ಕೊಡೆಯಣ್ಣ ಆವತ್ತೆಲ್ಲ ನೆಲಕ್ಕೆ ಕಾಲು ತಾಗಿಸದೆ ಓಡಾಡಿದ. ಆ ದಿನ ಕೊಡಬೇಕಾಗಿದ್ದ ಐದು ಕೊಡೆಗಳಿಗೂ ‘ನಾಳೆ ಬನ್ನಿ’ ಆಯಿತು.

ಪರೀಕ್ಷೆಯ ಅವಧಿ ಮುಗಿಯಲು ಮೂರು ವಾರ ಇದ್ದಾಗ, ಕಚೇರಿಯ ಸೂಪರಿಂಟೆಂಡೆಂಟರು ಹೇಳದೆ ಕೇಳದೆ ಬೆಳಿಗ್ಗೆ ಹನ್ನೊಂದಕ್ಕೆ ತಪಾಸಣೆಗೆ ಬಂದರು. ಕೈಯಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು. ಅಂಗಳಕ್ಕೆ ಅವರು ಹಾಕಿದ್ದು ಮೂರು ಸುತ್ತು. ಮೊದಲನೆಯದು ಗೋಡೆ ನೋಡಲು, ಎರಡನೆಯದು ಕಸ ನೋಡಲು, ಮೂರನೆಯದು ಮೊದಲೆರಡರಲ್ಲಿ ಬಿಟ್ಟುಹೋದದ್ದನ್ನು ನೋಡಲು. ರೂಮುಗಳಿಗೆ ಆಗಿನ್ನೂ ನಂಬರು ಇರಲಿಲ್ಲ. ನಂಬರು ಬರೆಯಬೇಕಾದವನು ನಾನೇ. ಆಚೆ ಮೂಲೆಯಲ್ಲಿ ಏಣಿ ಮೇಲೆ ನಿಂತು ಏಳನೆಯದಕ್ಕೆ ಬಂದಿದ್ದೆ. ಬಾಯಲ್ಲಿ ಬ್ರಷ್ ಕಚ್ಚಿಕೊಂಡವನಿಗೆ ಕಣ್ಣು ಕಾಣುತ್ತದೆ, ಕೂಗಲು ಆಗುವುದಿಲ್ಲ.

ಮೊದಲ ಸುತ್ತಿಗೆ ಮುಂಚೆ ತಂತಿ ಭಾವ ಓಡಿಬಂದು ತಗಡು ಕಿತ್ತು ಜೇಬಿಗೆ ಹಾಕಿಕೊಂಡರು. ಸಾಹೇಬರು ಬಂದಾಗ ಒಳಗೆ ಯಾವುದೋ ಹೋಟೆಲಿನ ಅಂಗಳದ ದೊಡ್ಡ ಕೊಡೆ ಬಿಚ್ಚಿಕೊಂಡಿತ್ತು. ಅದರ ಹಿಂದೆ ಕೊಡೆಯಣ್ಣನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಬರೆದುಕೊಂಡು ಹೋದರು.

ಎರಡನೇ ಸುತ್ತಿಗೆ ಮುಂಚೆ ಔಷಧದಂಗಡಿಯವರು ಇಣುಕಿ ನೋಡಿ, “ಅಯ್ಯಯ್ಯೋ, ಬರೀ ತಲೆ!” ಎಂದು ಒಳಗಿನಿಂದ ‘ದಿ’ ತಂದು ನೇತುಹಾಕಿದರು. ಕೊಡೆಯಣ್ಣ ದಾರ ತರಲು ಹೋಗಿದ್ದ. ಗಲ್ಲಾಪೆಟ್ಟಿಗೆಯ ಹಿಂದೆ ಅತ್ತಿಗೆ ಕೂತಿದ್ದರು. ಸಾಹೇಬರು ಬರೆದುಕೊಂಡು ಹೋದರು.

ಮೂರನೇ ಸುತ್ತಿಗೆ ಮುಂಚೆ ಟೀಚರಮ್ಮ ಬಂದರು. ತಂತಿ ಭಾವನ ಜೇಬಿನಿಂದ ‘ಆನ್’ ಕಸಿದುಕೊಂಡು, ‘ದಿ’ ಕಿತ್ತು, ಅದರ ಜಾಗದಲ್ಲಿ ಇದನ್ನು ಹಾಕಿ, ಸೆರಗಿನಿಂದ ಒರೆಸಿದರು. ಅತ್ತಿಗೆ ಗಂಡನನ್ನು ಹುಡುಕಲು ಹೋಗಿದ್ದರು. ಮೊಗಸಾಲೆಯಲ್ಲಿ ಕಾಯುತ್ತ ಕೂತಿದ್ದ ಒಬ್ಬ ಗಿರಾಕಿಯನ್ನೇ ಯಜಮಾನನೆಂದು ತಿಳಿದು ಸಾಹೇಬರು ತಲೆಯಾಡಿಸಿದರು. ಗಿರಾಕಿಯೂ ಮರ್ಯಾದೆಗೆ ತಲೆಯಾಡಿಸಿದ. ಬರೆದುಕೊಂಡು ಹೋದರು.

ಎಂಟು ದಿನ ಕಳೆದು ಕಚೇರಿಯ ಜವಾನ ಮೂರು ಲಕೋಟೆ ಹಿಡಿದು ಬಂದ. ಒಂದನ್ನು ಕೊಡೆಯಣ್ಣನ ಕೈಗಿಟ್ಟು, ಉಳಿದೆರಡನ್ನು ತಿರುಗಿಸಿ ಮುರುಗಿಸಿ ನೋಡುತ್ತ ನಿಂತ. ಔಷಧದಂಗಡಿಯವರು ಒಡೆದು ಓದಿ ಹೇಳಿದರು: “ಈ ಕಟ್ಟಡದಲ್ಲಿ ಮೂರು ಕೊಡೆ ರಿಪೇರಿ ಅಂಗಡಿಗಳು ಇರೋದು ತಪಾಸಣೇಲಿ ಗೊತ್ತಾಗಿದೆ. ನಿಯಮದ ಪ್ರಕಾರ ಒಂದಕ್ಕೇ ಅವಕಾಶ. ಮೂವರೂ ಮುಂದಿನ ಶುಕ್ರವಾರ ವಿಚಾರಣೆಗೆ ಬರಬೇಕು. ಯಾರ ಮೇಲೆ ದೂರು ಕಡಿಮೆಯೋ ಅವರಿಗೆ ರೂಮು.”

“ಮೂರಾ?” ಕೊಡೆಯಣ್ಣನ ಕೈಯಿಂದ ಇಕ್ಕಳ ಬಿತ್ತು. “ಇನ್ನಿಬ್ಬರು ಯಾರು?”

“ಅದನ್ನೇ ನಿಮ್ಮನ್ನ ಕೇಳೋಣ ಅಂತ,” ಎಂದ ಜವಾನ. “ಇಪ್ಪತ್ತನಾಲ್ಕು ರೂಮೂ ಸುತ್ತಿದೆ, ಪತ್ತೇನೇ ಇಲ್ಲ. ನಿಮ್ಮ ಕಸುಬಿನವರು, ನಿಮಗೆ ಗೊತ್ತಿರಬೇಕಲ್ಲ?”

“ಅಯ್ಯೋ, ನನಗೆ ಗೊತ್ತಿಲ್ವಲ್ಲಪ್ಪ! ಕಳ್ಳರ ಹಾಗೆ ಬಂದು ಸೇರ್ಕೊಂಡಿದಾರೆ!”

ಜವಾನ ಲಕೋಟೆಗಳನ್ನು ನನಗೂ ತೋರಿಸಿದ. ನನಗೆ ಓದಲು ಬಾರದು ನಿಜ. ಆದರೆ ನನ್ನ ಕೈಯಿಂದ ಬಂದ ಅಕ್ಷರ ನನಗೆ ಗೊತ್ತಾಗದೆ ಇರುತ್ತದೆಯೇ? ಮೂರರ ಮೇಲೂ ಅದೇ ಹದಿನಾರು. ಒಂದರ ಮುಂದೆ ಎರಡು, ಇನ್ನೊಂದರ ಮುಂದೆ ಮೂರು, ಮತ್ತೊಂದರ ಮುಂದೆ ಏನೂ ಇಲ್ಲ. ಸಾಹೇಬರ ಪುಸ್ತಕದಲ್ಲಿ ನಮ್ಮ ಕೊಡೆಯಣ್ಣ ಮೂವರಾಗಿದ್ದಾನೆ.

ಜವಾನ ಹೋದ ಮೇಲೆ ಅತ್ತಿಗೆಯನ್ನು ಅಂಗಳಕ್ಕೆ ಕರೆದು ಎಲ್ಲ ಹೇಳಿದೆ. ಹಣೆ ಚಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಬಾಯಿಗೆ ಸೆರಗು ಹಿಡಿದು ಒಂದು ನಿಮಿಷ ನಕ್ಕರು. ಆಮೇಲೆ ರೂಮಿನ ಕಡೆ ಕೈ ತೋರಿಸಿದರು. ಒಳಗೆ ಕೊಡೆಯಣ್ಣ ಅಂಗಿ ತೋಳು ಮೇಲೇರಿಸಿ, ಎರಡು ತಿಂಗಳಿಂದ ಮೂಲೆಯಲ್ಲಿ ಬಿದ್ದಿದ್ದ ಕೊಡೆಗಳನ್ನು ಸಾಲಾಗಿ ಜೋಡಿಸುತ್ತಿದ್ದ.

“ನೋಡಿದ್ರಾ? ಮದುವೆ ಆದಾಗ್ಲಿಂದ ಹೇಳಿದೀನಿ, ಹೇಳಿದ ದಿನ ಕೊಡಿ ಅಂತ. ನನ್ನ ಮಾತಿಗೆ ಏಳದವರು ಆ ಇಬ್ಬರಿಗೆ ಹೆದರಿ ಎದ್ದಿದಾರೆ. ಶುಕ್ರವಾರದವರೆಗೂ ಬಾಯಿ ಮುಚ್ಕೊಂಡಿರಿ ಪೇಂಟರೇ, ನಿಮ್ಮ ಕಾಲಿಗೆ ಬೀಳ್ತೀನಿ. ಆ ಇಬ್ಬರೂ ಬದುಕಿರ್ಲಿ.”

ಆ ಹತ್ತು ದಿನ ಕೊಡೆಯಣ್ಣ ತನ್ನ ಜೊತೆ ತಾನೇ ಪೈಪೋಟಿಗೆ ಬಿದ್ದ. ನಾಳೆ ಎಂದದ್ದನ್ನು ಇಂದೇ ಕೊಟ್ಟ. ಕೊಡೆಗಳನ್ನು ಮನೆ ಮನೆಗೆ ಹೊತ್ತು ಮುಟ್ಟಿಸಿದ. ಒಬ್ಬ ಗಿರಾಕಿ ಬಾಗಿಲು ತೆರೆದು, ಆರು ತಿಂಗಳ ಹಿಂದೆ ಕೊಟ್ಟ ತನ್ನ ಕೊಡೆಯನ್ನೇ ಗುರುತು ಹಿಡಿಯದೆ, “ನಮಗೆ ಬೇಡಪ್ಪ, ಇದೆ,” ಎಂದು ಬಾಗಿಲು ಹಾಕಿಕೊಂಡ. ಬಂದವರನ್ನೆಲ್ಲ ಕೇಳುತ್ತಿದ್ದ, “ನಿಜ ಹೇಳಿ, ಆ ಇಬ್ಬರ ಹತ್ರಾನೂ ಹೋಗಿದ್ರಿ ತಾನೇ?” ಇಲ್ಲ ಎಂದರೆ, ಪಾಪ, ನನ್ನ ಮನಸ್ಸು ನೋಯಿಸಬಾರದೆಂದು ಸುಳ್ಳು ಹೇಳುತ್ತಾರೆ ಎಂದುಕೊಳ್ಳುತ್ತಿದ್ದ.

ಅಷ್ಟರಲ್ಲಿ ಆ ಇಬ್ಬರನ್ನು ನೋಡಿದವರೂ ಹುಟ್ಟಿಕೊಂಡರು. ಔಷಧದಂಗಡಿಯವರು, “ಒಬ್ಬ ತೆಳ್ಳಗಿದಾನೆ, ಮೀಸೆ ಇದೆ. ನೆಗಡಿ ಮಾತ್ರೆ ತಗೊಂಡು ಹೋದ,” ಎಂದರು. ತಂತಿ ಭಾವ, “ಇನ್ನೊಬ್ಬನ ಕೈ ಭಾರಿ ಚುರುಕಂತೆ. ಒಂದು ಲೋಟ ಕಾಫಿ ಆರೋದ್ರೊಳಗೆ ಕೊಡೆ ತಯಾರಂತೆ,” ಎಂದರು. ಇವರಾರೂ ಬೇಕೆಂದು ಸುಳ್ಳು ಹೇಳುವವರಲ್ಲ. ವಿಷಯ ಇಷ್ಟು ದೊಡ್ಡದಾದಾಗ ತಮಗೇನೂ ಗೊತ್ತಿಲ್ಲ ಎನ್ನಲು ಮನುಷ್ಯನಿಗೆ ನಾಚಿಕೆ.

ಬುಧವಾರ ಕೊಡೆಯಣ್ಣ ನನ್ನ ಏಣಿ ಕೆಳಗೆ ಬಂದು ನಿಂತ.

“ಆ ತೆಳ್ಳಗಿನವನಿಗೆ ನೆಗಡಿಯಂತೆ ಕಣೋ.”

“ಆದ್ರೆ ನಿನಗೇನು?”

“ಏನೂ ಇಲ್ಲ. ಮೆಟ್ಟಿಲ ಕೆಳಗೆ ಕೂತ್ರೆ ಹಾಗೇ, ನೆಗಡಿ ಬಿಡೋದೇ ಇಲ್ಲ.” ಅಷ್ಟು ಹೇಳಿ ಹೊರಟ. ನಾನು ಹೇಳಿಯೇಬಿಡಬೇಕೆಂದು ಬಾಯಿ ತೆರೆದೆ. ಅಂಗಳದಾಚೆಯಿಂದ ಅತ್ತಿಗೆ ಕಣ್ಣು ಬಿಟ್ಟರು. ಬ್ರಷ್ ತೆಗೆದು ಬಾಯಲ್ಲಿ ಕಚ್ಚಿಕೊಂಡೆ.

ಶುಕ್ರವಾರ ಸೂಪರಿಂಟೆಂಡೆಂಟರ ಕೋಣೆಯಲ್ಲಿ ನಾವು ಆರು ಜನ. ಗುಮಾಸ್ತ ಎದ್ದು ನಿಂತು ಕೂಗಿದ, “ಅಂಬ್ರೆಲಾ ರಿಪೇರರ್!” ಕೊಡೆಯಣ್ಣ ಬಾಗಿಲ ಕಡೆ ನೋಡಿದ. “ಆನ್ ಅಂಬ್ರೆಲಾ ರಿಪೇರರ್!” ಮತ್ತೆ ಬಾಗಿಲ ಕಡೆ ನೋಡಿದ. “ದಿ ಅಂಬ್ರೆಲಾ ರಿಪೇರರ್!” ಔಷಧದಂಗಡಿಯವರು ಅವನ ಬೆನ್ನಿಗೆ ತಿವಿದರು. ಎದ್ದು ಕೈಮುಗಿದ.

ಸಾಹೇಬರು ಕಡತ ತಿರುವಿದರು. “ನಿಮ್ಮ ಮೇಲೆ ಹಿಂದೆ ಹನ್ನೊಂದು ದೂರು ಇತ್ತು. ಈ ಹತ್ತು ದಿನದಲ್ಲಿ ಒಂಬತ್ತು ಜನ ತಾವಾಗೇ ಬಂದು ವಾಪಸ್ ತಗೊಂಡಿದಾರೆ. ಒಳ್ಳೇದು. ಇನ್ನಿಬ್ಬರು ಕೊಡೆಯವರು ವಿಚಾರಣೆಗೆ ಬಂದಿಲ್ಲ. ಬರದವರ ಹಕ್ಕು ಹೋಯ್ತು ಅಂತ ಬರೆದು ರೂಮು ನಿಮಗೇ...”

“ಸಾರ್, ಹಾಗೆ ಮಾಡ್ಬೇಡಿ,” ಎಂದ ಕೊಡೆಯಣ್ಣ.

ಅತ್ತಿಗೆ ಅವನ ಅಂಗಿ ಜಗ್ಗಿದರು. ಅವನು ಕೂರಲಿಲ್ಲ.

“ಅವರಿಬ್ಬರ ಮೇಲೆ ನನಗೆ ಕೆಂಡದಂಥ ಕೋಪ ಇತ್ತು ಸಾರ್. ಮೊನ್ನೆಯಿಂದ ಯೋಚ್ನೆ ಆಗ್ತಿದೆ. ಅವರೂ ಎಲ್ಲೋ ಮೆಟ್ಟಿಲ ಕೆಳಗೆ ಕೂತಿದ್ದವರೇ ಇರಬೇಕು. ಅವರ ಹೆಂಡ್ತೀರೂ ಅಂಗಡಿ ತಲೆ ಮೇಲೆ ಹೊತ್ಕೊಂಡು ತಿರುಗಿರಬೇಕು. ಅವರಿಲ್ದಿದ್ರೆ ನಾನು ಈ ಜನ್ಮದಲ್ಲಿ ಒಂದು ಕೊಡೇನೂ ಹೇಳಿದ ದಿನ ಕೊಡ್ತಿರ್ಲಿಲ್ಲ. ನನ್ನ ರೂಮು ಹತ್ತಡಿ ಅಗಲ ಇದೆ. ಮೂರು ಜನ ಕೂರಬಹುದು. ಅವರನ್ನೂ ಅಲ್ಲೇ ಕೂರಿಸ್ಕೊತೀನಿ. ಹೊರಗೆ ಹಾಕ್ಬೇಡಿ.”

ಮೊದಲು ತಡೆಯಲಾರದೆ ಹೋದವರು ಟೀಚರಮ್ಮ. ಎದ್ದು ನಿಂತು, “ಸಾರ್, ಆ ‘ಆನ್’ ಹಾಕಿದ್ದು ನಾನು,” ಎಂದರು. “‘ದಿ’ ನನ್ನದು,” ಎಂದು ಔಷಧದಂಗಡಿಯವರು ಚಪ್ಪಲಿ ನೋಡುತ್ತ ಹೇಳಿದರು. ತಂತಿ ಭಾವ ಅಭ್ಯಾಸಬಲದಿಂದ ಎರಡೇ ಪದದಲ್ಲಿ ಮುಗಿಸಿದರು: “ಕಿತ್ತಿದ್ದು ನಾನು.”

ಸಾಹೇಬರು ಬುದ್ಧಿವಂತರು. ಅರ್ಧ ನಿಮಿಷದಲ್ಲಿ ಎಲ್ಲ ಅರ್ಥವಾಯಿತು; ಕಿವಿ ಕೆಂಪಾಯಿತು. ಆದರೆ ಮೂರು ನೋಟೀಸಿಗೂ ಕಚೇರಿಯ ಮೊಹರು ಬಿದ್ದಿದೆ, ಮೇಲಿನವರಿಗೆ ಮೂರು ಅಂಗಡಿ ಎಂದು ವರದಿ ಹೋಗಿದೆ. ಇಲ್ಲದ ಇಬ್ಬರನ್ನು ಕಂಡೆ ಎಂದು ಬರೆದ ಅಧಿಕಾರಿಗೆ ಅವರನ್ನು ಎಲ್ಲಾದರೂ ಕೂರಿಸದೆ ಗತಿಯಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕೊಡೆಯಣ್ಣನನ್ನು ನೋಡಿದರು. ಅವನು ಮಾತ್ರ ಇನ್ನೂ ಕೈ ಜೋಡಿಸಿಕೊಂಡೇ ನಿಂತಿದ್ದ. ಸುತ್ತಲಿನವರು ಏನು ಒಪ್ಪಿಕೊಂಡರೆಂದು ಅವನ ಕಿವಿಗೇ ಬಿದ್ದಿರಲಿಲ್ಲ.

“ಮೂವರನ್ನೂ ಒಂದೇ ರೂಮಲ್ಲಿ ಇಟ್ಕೊತೀರಿ?”

“ಇಟ್ಕೊತೀನಿ ಸಾರ್.”

“ಜಗಳ ಆಡ್ಬಾರ್ದು.”

“ನಾನು ಅನುಸರಿಸ್ಕೊಂಡು ಹೋಗ್ತೀನಿ ಸಾರ್. ಅವರದ್ದು ಹೇಗೋ ಗೊತ್ತಿಲ್ಲ.”

“ಅವರೂ ಹೋಗ್ತಾರೆ ಬಿಡಿ,” ಎಂದ ಸಾಹೇಬರು ಗುಮಾಸ್ತನ ಕೈಲಿ ಬರೆಸಿದರು: ಮೂವರು ಕೊಡೆ ರಿಪೇರಿಯವರೂ ಒಪ್ಪಿ ಒಂದಾಗಿರುವುದರಿಂದ ರೂಮು ಅವರಿಗೇ ಕಾಯಂ. ಕೊಡೆಯಣ್ಣ ಮೂರು ಕಡೆ ಸಹಿ ಹಾಕಿದ. ಒಂದು ತನ್ನದು, ಎರಡು ಬರಲಾಗದವರ ಪರವಾಗಿ.

ಆ ಸಂಜೆಯೇ ಅವನು ಎರಡು ಸ್ಟೂಲು ತಂದಿಟ್ಟ. ಒಂದರ ಮೇಲೆ ದಿಂಬು ಹಾಕಿದ, ನೆಗಡಿಯವನಿಗೆ. ದಿನಾ ಬೆಳಿಗ್ಗೆ ಮೂವರಿಗೆ ಕಾಫಿ ತರಿಸಿ, ಎರಡು ಲೋಟ ಆರಿದ ಮೇಲೆ ಅವನ್ನೂ ತಾನೇ ಕುಡಿಯುತ್ತಿದ್ದ. ನಾಲ್ಕು ದಿನ ನೋಡಿ ಐದನೇ ದಿನ ಅತ್ತಿಗೆಗೇ ಪಾಪ ಅನ್ನಿಸಿತು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲ ಹೇಳಿದರು.

ಕೊಡೆಯಣ್ಣ ಕೈಯಲ್ಲಿದ್ದ ಕಡ್ಡಿಗೆ ತಂತಿ ಸುತ್ತಿ ಮುಗಿಸಿದ. ಕೊಡೆ ಬಿಚ್ಚಿ ನೋಡಿದ, ಮಡಚಿದ.

“ಹಾಗಾದ್ರೆ ಆ ತೆಳ್ಳಗಿನವನೂ ಇಲ್ವಾ?”

“ಇಲ್ಲ ಕಣೋ,” ಎಂದೆ.

“ಮನಸ್ಸಲ್ಲೇ ಅವನ ಜೊತೆ ತುಂಬಾ ಮಾತಾಡಿದ್ದೆ,” ಎಂದ. ಮತ್ತೆ ಸ್ವಲ್ಪ ಹೊತ್ತಿಗೆ ನಗು ಬಂತು; ಅವನು ನಕ್ಕ ಮೇಲೆ ಅತ್ತಿಗೆ ನಕ್ಕರು, ಆಮೇಲೆ ನಾನು. ಒಂದು ಸ್ಟೂಲಿನ ಮೇಲೆ ಈಗ ಅತ್ತಿಗೆ ಮಂಡಿ ಚಾಚಿಕೊಂಡು ಕೂರುತ್ತಾರೆ. ಇನ್ನೊಂದು ಗಿರಾಕಿಗೆ.

ಒಟ್ಟಿನಲ್ಲಿ ಕೊಡೆಯಣ್ಣನಿಗೆ ಸಿಕ್ಕಿದ್ದು ಹತ್ತಡಿ ಅಗಲದ, ಬಾಗಿಲಿರುವ ಒಂದು ರೂಮು. ಕಳೆದುಹೋದದ್ದು ಇಬ್ಬರು ಜೊತೆಗಾರರು.